ಬೆಂಡಿನ ಚೂರಿನಲ್ಲಿ ಕಂಡ ಕೋಣೆಗಳು: ಸಸ್ಯಕೋಶ ಪತ್ತೆಯಾದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ಈ ಕಥೆ ಒಂದೂವರೆ ಸಾಲಿನಲ್ಲಿ ಮುಗಿದುಹೋಗುತ್ತದೆ. 1665, ರಾಬರ್ಟ್ ಹುಕ್, ಬೆಂಡು, ಜೀವಕೋಶ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಅಲ್ಲಿಗೇ ನಿಲ್ಲದೆ ಇನ್ನೂ ನಾಲ್ಕು ಪ್ರಶ್ನೆ ಕೇಳುವ ಮಕ್ಕಳು, ಅವರಿಗೆ ಉತ್ತರ ಹೇಳಬೇಕಾದ ಮೇಷ್ಟ್ರುಗಳು, ಮನೆಯಲ್ಲಿ ಸಿಕ್ಕಿಹಾಕಿಕೊಳ್ಳುವ ಅಪ್ಪ ಅಮ್ಮಂದಿರು, ಇವರಿಗಾಗಿ ಈ ಪುಟ.

ಸಸ್ಯಕೋಶವನ್ನು ಮೊದಲು ನೋಡಿದ್ದು ಯಾರು? ಯಾವಾಗ?

ಇಂಗ್ಲೆಂಡಿನ ರಾಬರ್ಟ್ ಹುಕ್. 1665 ಅನ್ನುವುದು ಅವನ ‘ಮೈಕ್ರೋಗ್ರಾಫಿಯಾ’ ಪುಸ್ತಕ ಹೊರಬಂದ ವರ್ಷ. ನೋಡಿದ್ದು ಅದಕ್ಕೂ ಮುಂಚೆ. 1663ರ ಏಪ್ರಿಲ್‌ನಲ್ಲೇ ಲಂಡನ್ನಿನ ರಾಯಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘದ ಸಭೆಯಲ್ಲಿ ಬೆಂಡಿನ ಸೂಕ್ಷ್ಮರೂಪವನ್ನು ಅವನು ತೋರಿಸಿದ್ದ. ಆಗ ಅವನಿಗೆ 27 ವರ್ಷ. ಹಿಂದಿನ ವರ್ಷವಷ್ಟೇ ಸೊಸೈಟಿಯಲ್ಲಿ ಕೆಲಸಕ್ಕೆ ಸೇರಿದ್ದ. ಸಭೆ ಸೇರಿದಾಗಲೆಲ್ಲ ಮೂರ್ನಾಲ್ಕು ಪ್ರಯೋಗ ಮಾಡಿ ತೋರಿಸುವುದೇ ಆ ಕೆಲಸ. ವಾರ ವಾರ ಹೊಸದು ಬೇಕು! ಇವತ್ತು ಸೂಜಿ, ನಾಳೆ ಪಾಚಿ, ಆಮೇಲೆ ಬೆಂಡು. ‘ಜೀವದ ಮೂಲ ಘಟಕವನ್ನು ಹುಡುಕುತ್ತೇನೆ’ ಎಂದು ಅವನೇನೂ ಹೊರಟವನಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಮಸೂರದ ಕೆಳಗೆ ಇಡುತ್ತಿದ್ದ, ಅದರಲ್ಲಿ ಇದೂ ಒಂದು.

ಈ ಬೆಂಡು ಯಾವ ಮರದ್ದು?

ಓಕ್ ಜಾತಿಯ ಒಂದು ಮರ. ಪೋರ್ಚುಗಲ್, ಸ್ಪೇನ್ ಕಡೆ ಹೆಚ್ಚು ಬೆಳೆಯುತ್ತದೆ. ಅದರ ಹೊರ ತೊಗಟೆಯೇ ಬಾಟಲಿಗೆ ಹಾಕುವ ಬಿರಡೆ, ಅಂದರೆ ಕಾರ್ಕ್. ಮರವನ್ನು ಕಡಿಯುವುದಿಲ್ಲ, ತೊಗಟೆಯನ್ನಷ್ಟೇ ಸುಲಿಯುತ್ತಾರೆ. ಕೆಲವು ವರ್ಷಕ್ಕೆ ಮತ್ತೆ ಬೆಳೆಯುತ್ತದೆ.

ನಮ್ಮಲ್ಲಿ ಆ ಮರ ಇಲ್ಲ. ಆದರೆ ಬೆಂಗಳೂರಿನ ರಸ್ತೆಬದಿಯಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಉದ್ದ ಕೊಳವೆಯ ಬಿಳಿ ಹೂ ಉದುರಿಸುವ ಆಕಾಶಮಲ್ಲಿಗೆ ಇದೆಯಲ್ಲ, ಅದರ ತೊಗಟೆಯೂ ಹೀಗೇ ಮೆತ್ತಗೆ, ಬಿರುಕು ಬಿರುಕಾಗಿ ಇರುತ್ತದೆ. ನಿಜವಾದ ಕಾರ್ಕ್ ಸಿಗದ ಕಡೆ ಅದರಿಂದಲೇ ಬಿರಡೆ ಮಾಡುತ್ತಿದ್ದರು. ಉಗುರಿನಿಂದ ಒತ್ತಿ ನೋಡಿ, ಗೊತ್ತಾಗುತ್ತದೆ.

ಅವನು ನೋಡಿದ್ದು ಹೇಗೆ? ಸುಮ್ನೆ ಇಟ್ಟು ನೋಡಿದರೆ ಕಂಡುಬಿಟ್ಟಿತಾ?

ಇಲ್ಲ. ಈ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು, ಪಠ್ಯಪುಸ್ತಕದಲ್ಲಿ ಬಿಟ್ಟುಹೋಗುವುದೂ ಇದೇ.

ಹುಕ್ ಮೊದಲು ಪೆನ್ನಿನ ಚಾಕುವನ್ನು ಕ್ಷೌರದ ಕತ್ತಿಯಷ್ಟು ಹರಿತವಾಗಿ ಮಸೆದ. ಆಗ ಬರೆಯುತ್ತಿದ್ದದ್ದು ಹಕ್ಕಿಯ ಗರಿಯಿಂದ. ಗರಿಯ ತುದಿ ಕೆತ್ತಲು ಓದುಬರಹ ಬಲ್ಲವರ ಹತ್ತಿರ ಒಂದು ಪುಟ್ಟ ಚಾಕು ಇರುತ್ತಿತ್ತು. ಆ ಚಾಕುವಿನಿಂದ ಬೆಂಡಿನ ಒಂದು ತುಂಡು ಕತ್ತರಿಸಿ, ನುಣುಪಾದ ಆ ಕಡಿತವನ್ನು ಮಸೂರದಲ್ಲಿ ನೋಡಿದ. ಏನೋ ಸಣ್ಣ ಸಣ್ಣ ತೂತು ಇದ್ದ ಹಾಗೆ ಅನ್ನಿಸಿತು, ಆದರೆ ಖಚಿತವಾಗಲಿಲ್ಲ.

ಬೆಂಡು ಇಷ್ಟು ಹಗುರ, ಒತ್ತಿದರೆ ಕುಗ್ಗುತ್ತದೆ, ಒಳಗೆ ಏನೋ ಇರಲೇಬೇಕು ಎಂದು ಅವನ ಮನಸ್ಸು ಹೇಳಿತು. ಅದೇ ನುಣುಪಾದ ಮುಖದಿಂದ ಈ ಸಲ ತುಂಬಾ ತೆಳುವಾದ ಒಂದು ಪದರ ಎಬ್ಬಿಸಿದ. ಬೆಂಡು ಬಿಳಿಚು ಬಣ್ಣದ್ದು, ಹಾಗಾಗಿ ಅದನ್ನು ಕಪ್ಪು ತಟ್ಟೆಯ ಮೇಲೆ ಇಟ್ಟ. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬಿದ ದಪ್ಪ ಮಸೂರದಿಂದ ಬೆಳಕನ್ನು ಅದರ ಮೇಲೆ ಕೂಡಿಸಿ ಬಿಟ್ಟ. ಆಗ ಸ್ಪಷ್ಟವಾಗಿ ಕಂಡಿತು: ಪದರದ ತುಂಬಾ ತೂತು, ಜೇನುಗೂಡಿನ ಹಾಗೆ. ಆದರೆ ಜೇನುಗೂಡಿನಷ್ಟು ಒಪ್ಪವಾಗಿ ಇರಲಿಲ್ಲ.

ಎರಡೂ ಸಲ ಮಸೂರ ಅದೇ. ಬದಲಾಗಿದ್ದು ಕತ್ತರಿಸಿದ ರೀತಿ, ಹಿನ್ನೆಲೆಯ ಬಣ್ಣ, ಬೆಳಕು. ಜೀವಕೋಶ ಸಿಕ್ಕಿದ್ದು ಸೂಕ್ಷ್ಮದರ್ಶಕದಿಂದ ಎಂದು ನಾವು ಹೇಳುತ್ತೇವೆ. ಅದರಲ್ಲಿ ಅರ್ಧ ಪಾಲು ಆ ಚಾಕುವಿಗೆ ಸಲ್ಲಬೇಕು ಅನ್ನುವುದು ನನ್ನ ಅಭಿಪ್ರಾಯ.

ಅವನು ಅಡ್ಡಕ್ಕೂ ಕತ್ತರಿಸಿದ, ಉದ್ದಕ್ಕೂ ಕತ್ತರಿಸಿದ. ಪುಸ್ತಕದ ಚಿತ್ರದಲ್ಲಿ ಎರಡೂ ಪಕ್ಕಪಕ್ಕ ಇವೆ. ಒಂದರಲ್ಲಿ ಕೋಶಗಳು ದುಂಡುದುಂಡಗೆ, ಇನ್ನೊಂದರಲ್ಲಿ ಇಟ್ಟಿಗೆ ಜೋಡಿಸಿದ ಹಾಗೆ ಸಾಲಾಗಿ. ಹೀಗೆ ಎರಡು ದಿಕ್ಕಿನಿಂದ ನೋಡಿದ್ದರಿಂದಲೇ ಅವು ಉದ್ದ ಕೊಳವೆಗಳಲ್ಲ, ನಡುನಡುವೆ ಅಡ್ಡಗೋಡೆ ಇರುವ ಪುಟ್ಟ ಪೆಟ್ಟಿಗೆಗಳು ಎಂದು ಅವನಿಗೆ ತಿಳಿಯಿತು.

ಒಂದು ಅಂಗುಲದಲ್ಲಿ ಎಷ್ಟು ಕೋಶ ಇವೆ ಎಂದು ಅವನೇ ಎಣಿಸಿದ್ದನಂತೆ, ಹೌದಾ?

ಹೌದು. ಅಂಗುಲದ 18ನೇ ಒಂದು ಭಾಗದ ಉದ್ದದಲ್ಲಿ ಸುಮಾರು 60 ಕೋಶ ಸಿಕ್ಕಿದವು. ಅಂದರೆ ಅಂಗುಲಕ್ಕೆ 1,080. ಚದರ ಅಂಗುಲಕ್ಕೆ 11,66,400. ಘನ ಅಂಗುಲಕ್ಕೆ 125 ಕೋಟಿ 97 ಲಕ್ಷ 12 ಸಾವಿರ. ಸೂಕ್ಷ್ಮದರ್ಶಕ ಕಣ್ಣಿಗೆ ತೋರಿಸದೆ ಹೋಗಿದ್ದರೆ ಇದನ್ನು ನಂಬುವುದೇ ಕಷ್ಟ ಎಂಬರ್ಥದ ಮಾತನ್ನು ಅವನೇ ಬರೆದಿದ್ದಾನೆ.

ಇವತ್ತಿನ ಅಳತೆಗೆ ತಂದರೆ ಒಂದು ಕೋಶ ಮಿಲಿಮೀಟರಿನ ಸುಮಾರು 40ನೇ ಒಂದು ಭಾಗ. ಕಾರ್ಕ್ ಕೋಶಕ್ಕೆ ಇದು ಸರಿಯಾಗಿ ಹೊಂದುವ ಅಳತೆಯೇ. ಎಣ್ಣೆ ದೀಪದ ಬೆಳಕಿನಲ್ಲಿ ಎಣಿಸಿದ್ದಕ್ಕೆ ಭೇಷ್ ಅನ್ನಬೇಕು.

ಕೋಶ ಕಂಡಿದ್ದರಿಂದ ಆಗ ಏನು ಉಪಯೋಗ ಆಯಿತು?

ಹುಕ್‌ಗೆ ಬೇಕಾಗಿದ್ದದ್ದು ಬೇರೆಯೇ ಉತ್ತರ. ಬೆಂಡು ಯಾಕೆ ಇಷ್ಟು ಹಗುರ? ನೀರಿನಲ್ಲಿ ಯಾಕೆ ತೇಲುತ್ತದೆ, ನೀರನ್ನು ಯಾಕೆ ಹೀರುವುದಿಲ್ಲ? ಒತ್ತಿ ಬಿಟ್ಟರೆ ಮತ್ತೆ ಯಾಕೆ ಉಬ್ಬುತ್ತದೆ? ಮೂರಕ್ಕೂ ಒಂದೇ ಉತ್ತರ ಸಿಕ್ಕಿತು. ಬೆಂಡಿನಲ್ಲಿ ಗಟ್ಟಿ ಪದಾರ್ಥ ತುಂಬಾ ಕಡಿಮೆ, ಉಳಿದದ್ದೆಲ್ಲ ಗಾಳಿ. ಆ ಗಾಳಿ ಒಂದಕ್ಕೊಂದು ದಾರಿಯಿಲ್ಲದ ಪುಟ್ಟ ಪೆಟ್ಟಿಗೆಗಳಲ್ಲಿ ಬಂದಿಯಾಗಿದೆ. ಹೊರಗಿನ ನೀರು ಒಳಗೆ ಹೋಗಲಾರದು. ಒತ್ತಿದರೆ ಗಾಳಿ ಕುಗ್ಗುತ್ತದೆ, ಬಿಟ್ಟರೆ ಹಿಗ್ಗುತ್ತದೆ. ಗಾಳಿಯ ಒತ್ತಡದ ಬಗ್ಗೆ ರಾಬರ್ಟ್ ಬಾಯ್ಲ್ ಜೊತೆ ಕೆಲಸ ಮಾಡಿ ಬಂದಿದ್ದವನು ಅವನು, ಅವನಿಗೆ ಈ ವಿವರಣೆ ಹೊಳೆದದ್ದು ಸಹಜ. ಹಾಗೆ ನೋಡಿದರೆ ಸಸ್ಯಕೋಶ ಪತ್ತೆಯಾದದ್ದು ಒಂದು ಭೌತವಿಜ್ಞಾನದ ಪ್ರಶ್ನೆಗೆ ಉತ್ತರ ಹುಡುಕುವಾಗ.

ಸನ್ಯಾಸಿಗಳ ಕೋಣೆಯ ಹಾಗೆ ಕಂಡಿದ್ದರಿಂದ ಕೋಶಕ್ಕೆ ‘ಸೆಲ್’, ಅಂದರೆ ಪುಟ್ಟ ಕೋಣೆ, ಎಂದು ಹೆಸರು ಇಟ್ಟನಂತಲ್ಲ?

ಎಷ್ಟೋ ಕಡೆ ಹಾಗೆ ಬರೆದಿರುತ್ತಾರೆ. ‘ಮೈಕ್ರೋಗ್ರಾಫಿಯಾ’ದ ಬೆಂಡಿನ ಅಧ್ಯಾಯದಲ್ಲಿ ಸನ್ಯಾಸಿಗಳ ಸುದ್ದಿಯೇ ಇಲ್ಲ. ಅಲ್ಲಿ ಇರುವುದು ಜೇನುಗೂಡಿನ ಹೋಲಿಕೆ.

ಅವನ ಸೂಕ್ಷ್ಮದರ್ಶಕ ಹೇಗಿತ್ತು?

ಆರೇಳು ಅಂಗುಲ ಉದ್ದದ ಕೊಳವೆ. ಮೇಲೆ ಕಣ್ಣಿಡುವ ಮಸೂರ, ಕೆಳಗೆ ವಸ್ತುವಿನ ಹತ್ತಿರ ಪುಟ್ಟ ಮಸೂರ, ನಡುವೆ ಇನ್ನೊಂದು. ಲಂಡನ್ನಿನ ಕ್ರಿಸ್ಟೋಫರ್ ಕಾಕ್ ಎಂಬ ಕುಶಲಕರ್ಮಿ ಇಂಥ ಉಪಕರಣಗಳನ್ನು ಮಾಡುತ್ತಿದ್ದ. ಹಿಗ್ಗಿಸುತ್ತಿದ್ದದ್ದು ಬಹಳವೆಂದರೆ ಐವತ್ತು ಪಟ್ಟಿನ ಆಸುಪಾಸು. ಇವತ್ತು ಶಾಲೆಯ ಸೂಕ್ಷ್ಮದರ್ಶಕದಲ್ಲಿ ಕಡಿಮೆ ಪವರ್ ಅನ್ನುತ್ತೇವಲ್ಲ, ಅದಕ್ಕಿಂತಲೂ ಕಡಿಮೆ.

ದೊಡ್ಡ ಸಮಸ್ಯೆ ಬೆಳಕಿನದು. ಲಂಡನ್ನಿನ ಚಳಿಗಾಲದ ಆಕಾಶ ನಂಬಿಕೊಂಡರೆ ಕೆಲಸ ಆಗುವುದಿಲ್ಲ. ಹುಕ್ ಒಂದು ಎಣ್ಣೆ ದೀಪ ಇಟ್ಟ, ಅದರ ಮುಂದೆ ನೀರು ತುಂಬಿದ ಗಾಜಿನ ಗೋಳ, ಅದರ ಮುಂದೆ ಮಸೂರ. ದೀಪದ ಬೆಳಕು ಗೋಳದಲ್ಲಿ ಕೂಡಿ, ಮಸೂರದಲ್ಲಿ ಮತ್ತೆ ಕೂಡಿ, ವಸ್ತುವಿನ ಮೇಲೆ ಒಂದು ಚುಕ್ಕಿಯಾಗಿ ಬೀಳುತ್ತಿತ್ತು. ಪುಸ್ತಕದ ಮೊದಲ ಚಿತ್ರಪಟದಲ್ಲಿ ಈ ಇಡೀ ಏರ್ಪಾಡನ್ನು ಬಿಡಿಸಿಟ್ಟಿದ್ದಾನೆ.

ಇನ್ನೊಂದು ಸಣ್ಣ ವಿಷಯ. ಸೂಕ್ಷ್ಮ ವಿವರ ಬೇಕಾದಾಗ ಅವನು ನಡುವಿನ ಮಸೂರವನ್ನು ತೆಗೆದೇ ಬಿಡುತ್ತಿದ್ದ. ನಡುವಿನದು ಇದ್ದರೆ ಒಟ್ಟಿಗೆ ಜಾಸ್ತಿ ಜಾಗ ಕಾಣುತ್ತದೆ, ಆದರೆ ಮಸೂರ ಜಾಸ್ತಿಯಾದಷ್ಟೂ ಚಿತ್ರ ಮಂಕು. ತೆಗೆದರೆ ಕಾಣುವ ಜಾಗ ಕಡಿಮೆ, ಚಿತ್ರ ಸ್ಪಷ್ಟ.

ಸೂಕ್ಷ್ಮದರ್ಶಕವನ್ನು ಕಂಡುಹಿಡಿದದ್ದು ಹುಕ್ ತಾನೇ?

ಅಲ್ಲ. ಅವನು ಹುಟ್ಟುವ ಮುಂಚೆಯೇ ಅದು ಇತ್ತು. ಹಾಲೆಂಡಿನ ಕನ್ನಡಕ ಮಾಡುವವರಾದ ಜಾನ್ಸೆನ್ ಅಪ್ಪ ಮಗ 1590ರಲ್ಲಿ ಮಾಡಿದರು ಎಂದು ಪುಸ್ತಕಗಳಲ್ಲಿ ಓದಿರುತ್ತೀರಿ. ಆಗ ಮಗ ಜಕಾರಿಯಾಸ್ ಇನ್ನೂ ಚಿಕ್ಕ ಹುಡುಗ, ಹಾಗಾಗಿ ಇತಿಹಾಸಕಾರರು ಇದನ್ನು ಅಷ್ಟಾಗಿ ಒಪ್ಪುವುದಿಲ್ಲ. 1620ರ ದಶಕದ ಹೊತ್ತಿಗೆ ಎರಡು ಮಸೂರದ ಸೂಕ್ಷ್ಮದರ್ಶಕ ಯುರೋಪಿನಲ್ಲಿ ಓಡಾಡುತ್ತಿತ್ತು. 1624ರಲ್ಲಿ ಗೆಲಿಲಿಯೋ ತಾನು ಮಾಡಿದ ಒಂದನ್ನು ರೋಮಿನ ಗೆಳೆಯ ಫೆಡೆರಿಕೋ ಚೇಸಿಗೆ ಕಳಿಸಿಕೊಟ್ಟ. ಮರುವರ್ಷವೇ ಆ ಗೆಳೆಯರ ಬಳಗ ಜೇನುನೊಣದ ದೊಡ್ಡ ಚಿತ್ರವೊಂದನ್ನು ಅಚ್ಚು ಹಾಕಿಸಿತು.

ಅಲ್ಲಿಂದ ಹುಕ್‌ನ ತನಕ ನಲವತ್ತು ವರ್ಷ. ಉಪಕರಣ ಇತ್ತು, ಮರಗಿಡಗಳೂ ಇದ್ದವು. ಆದರೂ ಗಿಡದ ಒಳಗಿನ ಕೋಶವನ್ನು ಯಾರೂ ಬರೆದಿಡಲಿಲ್ಲ. ತೆಳುವಾಗಿ ಕತ್ತರಿಸದೆ ಸಸ್ಯದ ಒಳಗು ಕಾಣುವುದಿಲ್ಲ. ಚಿಗಟ, ನೊಣ, ಜೇನುನೊಣಕ್ಕಾದರೆ ಚಾಕು ಬೇಡ. ಹಾಗೇ ಇಟ್ಟರೆ ಸಾಕು.

ಹುಕ್, ಲ್ಯೂವೆನ್‌ಹಾಕ್ ಇಬ್ಬರೂ ಒಬ್ಬರೇನಾ? ಪರೀಕ್ಷೆಯಲ್ಲಿ ಯಾವಾಗಲೂ ಅದಲುಬದಲಾಗುತ್ತದೆ.

ಬೇರೆ ಬೇರೆ. ಹುಕ್ ಲಂಡನ್ನಿನವನು, ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದ ವಿದ್ವಾಂಸ, ಬೆಂಡಿನ ಕೋಶ ನೋಡಿದವನು. ಆಂಟನಿ ವಾನ್ ಲ್ಯೂವೆನ್‌ಹಾಕ್ ಹಾಲೆಂಡಿನ ಡೆಲ್ಫ್ಟ್ ಊರಿನವನು, ಬಟ್ಟೆ ವ್ಯಾಪಾರಿ. ನೀರಿನ ಹನಿಯಲ್ಲಿ ಓಡಾಡುವ ಜೀವಿಗಳನ್ನು, ಆಮೇಲೆ ಬ್ಯಾಕ್ಟೀರಿಯಾಗಳನ್ನು ನೋಡಿದವನು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ, ಲ್ಯಾಟಿನ್ ಬರುತ್ತಿರಲಿಲ್ಲ. ಕಂಡದ್ದನ್ನೆಲ್ಲ ತನ್ನ ಡಚ್ ಭಾಷೆಯಲ್ಲೇ ಕಾಗದ ಬರೆದು 1673ರಿಂದ ರಾಯಲ್ ಸೊಸೈಟಿಗೆ ಕಳಿಸುತ್ತಾ ಹೋದ. 1723ರಲ್ಲಿ, 90 ವರ್ಷದವನಾಗಿ ಸಾಯುವ ತನಕವೂ ಬರೆದ.

ಬ್ಯಾಕ್ಟೀರಿಯಾ ಅವನ ಕಣ್ಣಿಗೆ ಬಿದ್ದದ್ದು 1676ರಲ್ಲಿ, ಮೆಣಸಿನ ನೀರಿನಲ್ಲಿ. ಕಾಳುಮೆಣಸು ಯಾಕೆ ಖಾರ, ಅದಕ್ಕೇನಾದರೂ ಚೂಪು ಮುಳ್ಳು ಇರಬಹುದಾ ಎಂದು ನೋಡಲು ಮೆಣಸನ್ನು ನೀರಿನಲ್ಲಿ ನೆನೆಹಾಕಿದ್ದ. ಮುಳ್ಳು ಸಿಗಲಿಲ್ಲ, ಜೀವಿಗಳು ಸಿಕ್ಕವು. ಆ ಕಾಲಕ್ಕೆ ಡಚ್ ಕಂಪನಿ ಕೊಚ್ಚಿಯ ಕೋಟೆ ಹಿಡಿದು ನಮ್ಮ ಪಶ್ಚಿಮ ಕರಾವಳಿಯ ಮೆಣಸಿನ ವ್ಯಾಪಾರಕ್ಕೆ ಕೈಹಾಕಿತ್ತು, ಡೆಲ್ಫ್ಟ್‌ನಂಥ ಊರಿನಲ್ಲಿ ಮೆಣಸು ಸುಲಭವಾಗಿ ಸಿಗುತ್ತಿತ್ತು. ಅವನು ಬರೆದದ್ದನ್ನು ಲಂಡನ್ನಿನಲ್ಲಿ ಹಲವರು ನಂಬಲಿಲ್ಲ. 1677ರಲ್ಲಿ ತಾನೂ ಮೆಣಸು ನೆನೆಹಾಕಿ, ಸಣ್ಣ ಗಾಜಿನ ನಳಿಗೆಯಲ್ಲಿ ಆ ನೀರನ್ನು ತುಂಬಿ, ‘ಹೌದು, ಇವೆ’ ಎಂದು ಸಭೆಗೆ ತೋರಿಸಿದ್ದು ಯಾರು ಗೊತ್ತಾ? ನಮ್ಮ ಹುಕ್ಕೇ.

ಲ್ಯೂವೆನ್‌ಹಾಕ್‌ಗೆ ಸಸ್ಯಕೋಶದ ಜೊತೆ ಸಂಬಂಧವೇ ಇಲ್ಲವಾ?

ಇದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ ಅಷ್ಟೆ. 1674ರ ಜೂನ್‌ನಲ್ಲಿ ಬರೆದ ಒಂದು ಕಾಗದದ ಜೊತೆ ಅವನು ಪುಟ್ಟ ಪೊಟ್ಟಣಗಳನ್ನು ಅಂಟಿಸಿ ಕಳಿಸಿದ. ಒಂದರಲ್ಲಿ ಬೆಂಡಿನ ತೆಳು ಪದರ, ಒಂದರಲ್ಲಿ ಎಲ್ಡರ್ ಗಿಡದ ಕಾಂಡದ ಒಳತಿರುಳು, ಇನ್ನೊಂದರಲ್ಲಿ ಬರೆಯುವ ಗರಿಯ ಚೂರು, ಮತ್ತೊಂದರಲ್ಲಿ ಹಸುವಿನ ಕಣ್ಣಿನ ನರದ ಸೀಳು. ಆ ಪೊಟ್ಟಣಗಳು ರಾಯಲ್ ಸೊಸೈಟಿಯ ಕಡತಗಳಲ್ಲಿ ಮುನ್ನೂರು ವರ್ಷ ಹಾಗೇ ಕೂತಿದ್ದವು. 1981ರಲ್ಲಿ ಬ್ರಯಾನ್ ಫೋರ್ಡ್ ಎಂಬ ಸಂಶೋಧಕ ಅವನ್ನು ಬಿಚ್ಚಿ ನೋಡಿದ. ಪದರಗಳು ಎಷ್ಟು ತೆಳುವಾಗಿದ್ದವು ಎಂದರೆ ಕೈಯಲ್ಲಿ ಹಿಡಿದ ಕತ್ತಿಯಿಂದ ಮಾಡಿದ್ದು ಅಂದರೆ ನಂಬುವುದು ಕಷ್ಟ.

ನೋಡಿ, ಇಲ್ಲೂ ಕತ್ತಿಯೇ.

ಒಂದೇ ಮಸೂರ ಇದ್ದ ಲ್ಯೂವೆನ್‌ಹಾಕ್‌ಗೆ ಜಾಸ್ತಿ ಕಂಡಿತು, ಮೂರು ಮಸೂರ ಇದ್ದ ಹುಕ್‌ಗೆ ಕಡಿಮೆ ಕಂಡಿತು. ಹೇಗೆ?

ಗಾಜು ಬೆಳಕನ್ನು ಬಾಗಿಸುವಾಗ ಎಲ್ಲ ಬಣ್ಣವನ್ನೂ ಒಂದೇ ಸಮ ಬಾಗಿಸುವುದಿಲ್ಲ. ನೀಲಿ ಒಂದು ಕಡೆ ಸೇರಿದರೆ ಕೆಂಪು ಇನ್ನೊಂದು ಕಡೆ ಸೇರುತ್ತದೆ. ಹಾಗಾಗಿ ನೋಡುವ ವಸ್ತುವಿನ ಅಂಚಿಗೆ ಬಣ್ಣದ ಕರೆ ಬರುತ್ತದೆ. ಮಸೂರದ ಅಂಚಿನಿಂದ ಬಂದ ಬೆಳಕು, ನಡುವಿನಿಂದ ಬಂದ ಬೆಳಕು ಕೂಡ ಒಂದೇ ಜಾಗಕ್ಕೆ ಬೀಳುವುದಿಲ್ಲ, ಅದರಿಂದ ಚಿತ್ರ ಮಸುಕು. ಎರಡನೇ ಮಸೂರ ಸೇರಿಸಿದರೆ ಮೊದಲನೆಯದರ ದೋಷವನ್ನೂ ಅದು ಹಿಗ್ಗಿಸುತ್ತದೆ.

ಲ್ಯೂವೆನ್‌ಹಾಕ್ ಮಾಡಿದ್ದು ಒಂದೇ ಒಂದು ಪುಟ್ಟ ಮಣಿಯಂಥ ಮಸೂರ. ಅಂಗೈಯೊಳಗೆ ಹಿಡಿಸುವ ಎರಡು ಹಿತ್ತಾಳೆ ತಗಡಿನ ನಡುವೆ ಅದನ್ನು ಕೂರಿಸುತ್ತಿದ್ದ. ಹಿಂದೆ ಒಂದು ಮುಳ್ಳು, ಅದರ ತುದಿಗೆ ನೋಡಬೇಕಾದ ವಸ್ತು. ತಿರುಪು ತಿರುಗಿಸಿ ಹತ್ತಿರ ದೂರ ಮಾಡುವುದು. ಕಣ್ಣಿಗೆ ಅಂಟಿಸಿಕೊಂಡ ಹಾಗೆ ಹಿಡಿದು ಬೆಳಕಿನ ಕಡೆ ನೋಡಬೇಕು. ಉಳಿದಿರುವವುಗಳಲ್ಲಿ ಉಟ್ರೆಕ್ಟ್ ಮ್ಯೂಸಿಯಂನದು ಸುಮಾರು 270 ಪಟ್ಟು ಹಿಗ್ಗಿಸುತ್ತದೆ.

ಹುಕ್‌ಗೆ ಈ ಉಪಾಯ ಗೊತ್ತಿರಲಿಲ್ಲ ಎಂದುಕೊಳ್ಳಬೇಡಿ. ಗಾಜಿನ ಎಳೆಯ ತುದಿಯನ್ನು ಜ್ವಾಲೆಯಲ್ಲಿ ಕರಗಿಸಿ ಪುಟ್ಟ ಮಣಿ ಮಾಡುವುದು ಹೇಗೆ ಎಂದು ‘ಮೈಕ್ರೋಗ್ರಾಫಿಯಾ’ದ ಮುನ್ನುಡಿಯಲ್ಲೇ ಬರೆದಿದ್ದಾನೆ. ಇದರಲ್ಲಿ ಚಿತ್ರ ಹೆಚ್ಚು ಸ್ಪಷ್ಟ, ಆದರೆ ಬಳಸುವುದು ತೊಂದರೆ ಎಂದೂ ಹೇಳಿದ್ದಾನೆ. ಅವನಿಗೆ ಕಣ್ಣು ನೋಯುತ್ತಿತ್ತು, ಬಿಟ್ಟ. ಡೆಲ್ಫ್ಟ್‌ನ ವ್ಯಾಪಾರಿ ಐವತ್ತು ವರ್ಷ ಬಿಡಲಿಲ್ಲ.

ಹುಕ್ ನೋಡಿದ್ದು ಸತ್ತ ಕೋಶ ಅನ್ನುತ್ತಾರೆ. ಹಾಗಾದರೆ ಜೀವ ಇರುವ ಕೋಶ ಅವನಿಗೆ ಕಾಣಲೇ ಇಲ್ಲವಾ?

ಬೆಂಡಿನ ಕೋಶ ಸತ್ತದ್ದೇ. ಬೆಳೆಯುವಾಗ ಅದರ ಗೋಡೆಗೆ ಮೇಣದಂಥ ಪದಾರ್ಥ ತುಂಬಿಕೊಳ್ಳುತ್ತದೆ, ಒಳಗಿನ ಜೀವ ಹೋಗುತ್ತದೆ, ಖಾಲಿ ಗೋಡೆ ಉಳಿಯುತ್ತದೆ. ಹುಕ್ ಕಂಡದ್ದು ಆ ಗೋಡೆಗಳನ್ನು.

ಆದರೆ ಅವನು ಅಲ್ಲಿಗೇ ನಿಲ್ಲಲಿಲ್ಲ, ಇದನ್ನು ಪಠ್ಯಪುಸ್ತಕ ಹೇಳುವುದಿಲ್ಲ. ಎಲ್ಡರ್ ಕಾಂಡದ ತಿರುಳು, ಕ್ಯಾರೆಟ್, ಜರೀಗಿಡ, ಜೊಂಡು, ಹೀಗೆ ಎಷ್ಟೋ ಗಿಡಗಳಲ್ಲಿ ಇಂಥದೇ ರಚನೆ ಇದೆ ಎಂದು ಪಟ್ಟಿ ಕೊಡುತ್ತಾನೆ. ಹಸಿ ಗಿಡಗಳಲ್ಲಿ ಈ ಕೋಶಗಳು ರಸದಿಂದ ತುಂಬಿರುತ್ತವೆ, ಆ ರಸ ನಿಧಾನವಾಗಿ ಒಸರುವುದನ್ನೂ ನೋಡಿದೆ ಎನ್ನುತ್ತಾನೆ. ಅಂದರೆ ಜೀವ ಇರುವ ಕೋಶ ಅವನ ಕಣ್ಣಮುಂದೆ ಬಂದಿತ್ತು. ಆ ರಸವೇ ಮುಖ್ಯ, ಗೋಡೆ ಬರೀ ಹೊದಿಕೆ ಎಂದು ಅವನಿಗೆ ಅನ್ನಿಸಲಿಲ್ಲ, ಅಷ್ಟೇ. ಗಿಡದಲ್ಲಿ ರಸ ಹರಿಯುವ ದಾರಿ ಇವು ಎಂದು ಅವನು ಊಹಿಸಿದ್ದ. ಕೋಶದಿಂದ ಕೋಶಕ್ಕೆ ಬಾಗಿಲು ಎಲ್ಲಿ ಎಂದು ಹುಡುಕಿ ಹುಡುಕಿ ಸಿಗದೆ ಬಿಟ್ಟ.

ಹುಕ್ ಆದಮೇಲೆ ಗಿಡಗಳನ್ನು ಸರಿಯಾಗಿ ನೋಡಿದವರು ಯಾರು?

ಇಬ್ಬರು ವೈದ್ಯರು. ಇಟಲಿಯ ಬೊಲೊನ್ಯಾದ ಮಾರ್ಸೆಲ್ಲೋ ಮಾಲ್ಪಿಗಿ, ಇಂಗ್ಲೆಂಡಿನ ನೆಹೆಮಿಯಾ ಗ್ರೂ. ಮಾಲ್ಪಿಗಿ ಆಗಲೇ ದೊಡ್ಡ ಹೆಸರು. ಕಪ್ಪೆಯ ಶ್ವಾಸಕೋಶದಲ್ಲಿ ರಕ್ತದ ಲೋಮನಾಳಗಳನ್ನು 1661ರಲ್ಲಿ ತೋರಿಸಿಕೊಟ್ಟವನು. ಗ್ರೂ ಊರಿನ ಸಣ್ಣ ಡಾಕ್ಟರು. ಒಬ್ಬರಿಗೆ ಇನ್ನೊಬ್ಬರ ಸುದ್ದಿ ಗೊತ್ತಿಲ್ಲದೆ ಒಂದೇ ಕೆಲಸ ಹಿಡಿದಿದ್ದರು. 1671ರ ಡಿಸೆಂಬರ್ 7ರಂದು ಇಬ್ಬರ ಬರಹವೂ ಒಂದೇ ಸಭೆಯಲ್ಲಿ, ರಾಯಲ್ ಸೊಸೈಟಿಯ ಮುಂದೆ ಬಂದವು. ಇಂಥಾ ಕಡೆ ಸಾಮಾನ್ಯವಾಗಿ ಜಗಳ ಶುರುವಾಗುತ್ತದೆ. ಇಲ್ಲಿ ಆಗಲಿಲ್ಲ, ಇಬ್ಬರೂ ಒಬ್ಬರನ್ನೊಬ್ಬರು ಗೌರವದಿಂದಲೇ ಕಂಡರು.

ಗ್ರೂ 1682ರಲ್ಲಿ ತಂದ ದೊಡ್ಡ ಪುಸ್ತಕದಲ್ಲಿ 80ಕ್ಕೂ ಹೆಚ್ಚು ಚಿತ್ರಪಟಗಳಿವೆ. ಕಾಂಡವನ್ನು ಅಡ್ಡ, ಉದ್ದ, ಓರೆ ಕತ್ತರಿಸಿ, ಮೂರನ್ನೂ ಸೇರಿಸಿ ಒಂದು ಮರದ ತುಂಡು ಕಣ್ಣಮುಂದೆ ನಿಂತ ಹಾಗೆ ಬಿಡಿಸಿದ್ದಾನೆ. ದ್ರಾಕ್ಷಿ ಬಳ್ಳಿಯ ಕಾಂಡದ ಚಿತ್ರವನ್ನು ಒಮ್ಮೆ ಹುಡುಕಿ ನೋಡಿ, ಇವತ್ತಿಗೂ ಕ್ಲಾಸಿನಲ್ಲಿ ತೂಗುಹಾಕಬಹುದು. ಹೂವಿನ ಕೇಸರ ಗಂಡು ಭಾಗ ಎಂಬುದನ್ನು ಅಚ್ಚಿನಲ್ಲಿ ಹೇಳಿದ್ದೂ ಅದೇ ಪುಸ್ತಕದಲ್ಲಿ.

ಎಲ್ಲ ಜೀವಿಗಳೂ ಕೋಶದಿಂದ ಆಗಿವೆ ಎಂದು ತಿಳಿಯಲು ಯಾಕೆ ಇನ್ನೂ 170 ವರ್ಷ ಬೇಕಾಯಿತು?

ಮಸೂರದ ದೋಷ ಒಂದು ಕಾರಣ. ಅದನ್ನು ತಿದ್ದುವ ದಾರಿಯನ್ನು 1830ರಲ್ಲಿ ಲೆಕ್ಕಾಚಾರ ಸಮೇತ ತೋರಿಸಿದ್ದು ಜೋಸೆಫ್ ಜಾಕ್ಸನ್ ಲಿಸ್ಟರ್ ಎಂಬ ವೈನ್ ವ್ಯಾಪಾರಿ. ಆಪರೇಷನ್ ಮಾಡುವಾಗ ಕ್ರಿಮಿನಾಶಕ ಬಳಸಲು ಕಲಿಸಿದ ಪ್ರಸಿದ್ಧ ಲಿಸ್ಟರ್‌ನ ಅಪ್ಪ.

ಆದರೆ ಅದೊಂದೇ ಕಾರಣ ಅಂದರೆ ನಾನು ಒಪ್ಪುವುದಿಲ್ಲ. ಸ್ಕಾಟ್ಲೆಂಡಿನ ರಾಬರ್ಟ್ ಬ್ರೌನ್ 1831ರಲ್ಲಿ ಆರ್ಕಿಡ್ ಗಿಡದ ಕೋಶಗಳಲ್ಲಿ ದುಂಡನೆಯ ಒಂದು ಚುಕ್ಕೆ ಇದೆ, ಪ್ರತಿ ಕೋಶದಲ್ಲೂ ಇದೆ ಎಂದು ಹೇಳಿ ಅದಕ್ಕೆ ನ್ಯೂಕ್ಲಿಯಸ್ ಎಂದು ಹೆಸರಿಟ್ಟ. ಅದೇ ನಮ್ಮ ಕೋಶಕೇಂದ್ರ. ಅವನು ಬಳಸುತ್ತಿದ್ದದ್ದು ಒಂಟಿ ಮಸೂರದ ಸೂಕ್ಷ್ಮದರ್ಶಕವನ್ನೇ! ಅಂಥ ಮಸೂರ ಲ್ಯೂವೆನ್‌ಹಾಕ್ ಕಾಲದಿಂದಲೂ ಇತ್ತು. ಕೊರತೆ ಇದ್ದದ್ದು ಪ್ರಶ್ನೆಗೆ. ಮರ, ನಾರು, ಕೊಳವೆ, ರಸ ಎಂದು ಎಲ್ಲರೂ ಬೇರೆ ಬೇರೆ ನೋಡುತ್ತಿದ್ದರು. ಇವೆಲ್ಲ ಒಂದೇ ಘಟಕದ ಬೇರೆ ಬೇರೆ ವೇಷ ಇರಬಹುದಾ ಎಂದು ಕೇಳಿದವರು ಕಡಿಮೆ.

1838ರಲ್ಲಿ ಜರ್ಮನಿಯ ಶ್ಲೈಡನ್ ಗಿಡಗಳ ಎಲ್ಲ ಭಾಗವೂ ಕೋಶದಿಂದಲೇ ಆಗಿದ್ದು ಎಂದ. ಊಟದ ಹೊತ್ತಿನ ಮಾತುಕತೆಯಲ್ಲಿ ಅವನು ಕೋಶಕೇಂದ್ರದ ಬಗ್ಗೆ ಹೇಳಿದ್ದನ್ನು ಕೇಳಿದ ಗೆಳೆಯ ಶ್ವಾನ್‌ಗೆ ತಾನು ಪ್ರಾಣಿಗಳಲ್ಲಿ ಕಂಡದ್ದೂ ಇದೇ ಎಂದು ಹೊಳೆಯಿತು. 1839ರಲ್ಲಿ ಶ್ವಾನ್‌ನ ಪುಸ್ತಕ ಬಂತು. ಹೊಸ ಕೋಶ ಹೇಗೆ ಹುಟ್ಟುತ್ತದೆ ಎಂಬುದರಲ್ಲಿ ಮಾತ್ರ ಇಬ್ಬರೂ ಎಡವಿದರು. ದ್ರಾವಣದಿಂದ ಹರಳು ಕಟ್ಟುವ ಹಾಗೆ ಕೋಶ ರೂಪುಗೊಳ್ಳುತ್ತದೆ ಎಂದುಕೊಂಡರು. ಕೋಶ ಹುಟ್ಟುವುದು ಕೋಶ ಒಡೆದೇ ಎಂದು 1850ರ ದಶಕದಲ್ಲಿ ಜರ್ಮನಿಯ ವೈದ್ಯ ರೆಮಾಕ್ ತೋರಿಸಿದ, ಅಲ್ಲಿನ ಇನ್ನೊಬ್ಬ ವೈದ್ಯ ವಿರ್ಚೋ ಅದನ್ನು ಊರಿಗೆಲ್ಲ ಸಾರಿದ. ಹೆಸರು ಬಂದದ್ದು ಸಾರಿದವನಿಗೆ.

‘ಮೈಕ್ರೋಗ್ರಾಫಿಯಾ’ದಲ್ಲಿ ಬೆಂಡು ಬಿಟ್ಟರೆ ಇನ್ನೇನಿದೆ?

ಒಟ್ಟು 60 ಅವಲೋಕನಗಳು, ಬೆಂಡು 18ನೆಯದು. ಶುರುವಾಗುವುದು ಸೂಜಿಯ ಮೊನೆಯಿಂದ. ಕೊನೆಯಲ್ಲಿ ಚಂದ್ರ. ನಡುವೆ ಬಟ್ಟೆ, ಇದ್ದಿಲು, ಬೂಸ್ಟು, ನೊಣದ ಕಣ್ಣು. ಪುಟದಿಂದ ಹೊರಗೆ ಬಿಡಿಸಿ ನೋಡಬೇಕಾದಷ್ಟು ದೊಡ್ಡ ಚಿಗಟದ ಚಿತ್ರ. ಲಂಡನ್ನಿನ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ ಇದನ್ನು ಕೊಂಡು ತಂದು ರಾತ್ರಿ ಎರಡು ಗಂಟೆಯ ತನಕ ಓದುತ್ತಾ ಕೂತಿದ್ದ.

ಇರುವೆಯ ಕಥೆ ಹೇಳಲೇಬೇಕು. ಚಿತ್ರ ಬಿಡಿಸಲು ಇರುವೆ ನೆಟ್ಟಗೆ ನಿಲ್ಲುವುದಿಲ್ಲ. ಕೊಂದರೆ ಮುದುಡಿಕೊಳ್ಳುತ್ತದೆ. ಕಾಲಿಗೆ ಅಂಟು ಹಾಕಿದರೂ ಕೊಸರಾಡುತ್ತದೆ. ಹುಕ್ ಕೊನೆಗೆ ಅದಕ್ಕೆ ಬ್ರಾಂದಿ ಕುಡಿಸಿದ. ಇರುವೆ ತೂರಾಡಿ ಬಿತ್ತು, ಇವನು ಬೇಕಾದ ಹಾಗೆ ಕೈಕಾಲು ಹರಡಿ ಚಿತ್ರ ಬಿಡಿಸಿಕೊಂಡ. ಒಂದು ಗಂಟೆ ಕಳೆದಮೇಲೆ ಅದು ಎದ್ದು ಓಡಿಹೋಯಿತಂತೆ.

ಬೆಂಡಿನ ಚಿತ್ರಪಟದಲ್ಲೇ ಕೆಳಗೆ ಒಂದು ಗಿಡದ ರೆಂಬೆ ಇದೆ. ಎಲೆಯ ಜೋಡಣೆ ನೋಡಿದ ಕೂಡಲೇ ನಮ್ಮ ಮಕ್ಕಳು ಗುರುತು ಹಿಡಿಯುತ್ತಾರೆ: ಮುಟ್ಟಿದರೆ ಮುನಿ. ಅಮೆರಿಕದಿಂದ ಹೊರಟ ಈ ಕಳೆ ಆಗ ಲಂಡನ್ನಿನ ತೋಟಗಳಲ್ಲಿ ಒಂದು ಸೋಜಿಗವಾಗಿತ್ತು. ಮುಟ್ಟಿದಾಗ ಎಲೆ ಮಡಚಿಕೊಳ್ಳುವುದಕ್ಕೂ ಒಳಗಿನ ರಸಕ್ಕೂ ಸಂಬಂಧ ಇರಬಹುದು ಎಂದು ಹುಕ್ ಯೋಚಿಸಿದ್ದ. ಅದು ಸರಿಯೂ ಹೌದು. ಎಲೆಯ ಬುಡದ ಕೋಶಗಳಿಂದ ನೀರು ಹೊರಗೆ ಹೋಗುವುದರಿಂದಲೇ ಅದು ಮಡಚಿಕೊಳ್ಳುವುದು.

ಬರಿಗಣ್ಣಿಗೆ ಕಾಣುವ ಸಸ್ಯಕೋಶ ಇದೆಯಾ?

ಇದೆ. ಹತ್ತಿ. ಬೀಜದ ಸಿಪ್ಪೆಯ ಮೇಲಿನ ಒಂದೊಂದು ಕೋಶವೂ ಉದ್ದಕ್ಕೆ ಬೆಳೆದು ಒಂದೊಂದು ಎಳೆಯಾಗುತ್ತದೆ. ಮೂರು ಸೆಂಟಿಮೀಟರ್ ಉದ್ದದ ಎಳೆ ಅಂದರೆ ಮೂರು ಸೆಂಟಿಮೀಟರ್ ಉದ್ದದ ಒಂದೇ ಕೋಶ! ಧಾರವಾಡ, ಹಾವೇರಿ ಕಡೆ ಹೊಲದಲ್ಲಿ ಕಾಯಿ ಒಡೆದು ಹತ್ತಿ ಅರಳುವ ಹೊತ್ತಿಗೆ ಆ ಕೋಶಗಳು ಸತ್ತು ಒಣಗಿರುತ್ತವೆ, ಉಳಿಯುವುದು ಗೋಡೆ ಮಾತ್ರ. ಹುಕ್‌ನ ಬೆಂಡಿನ ಹಾಗೇ. ನೀವು ಹಾಕಿಕೊಂಡಿರುವ ಹತ್ತಿ ಬಟ್ಟೆ ಪೂರ್ತಿ ಕೋಶಭಿತ್ತಿಯೇ.

ಕಿತ್ತಳೆ ತೊಳೆಯೊಳಗಿನ ರಸದ ಚೀಲ ಒಂದು ಕೋಶ ಎಂದು ಕೆಲವರು ಹೇಳುತ್ತಾರೆ. ಅಲ್ಲ, ಅದರಲ್ಲಿ ಎಷ್ಟೋ ಕೋಶಗಳಿವೆ.

ಈರುಳ್ಳಿ ಸಿಪ್ಪೆಯಲ್ಲಿ ಕೋಶ ಕಾಣಲಿಲ್ಲ, ಬರೀ ಕಪ್ಪು ವೃತ್ತ ಕಂಡಿತು. ಯಾಕೆ?

ಆ ಕಪ್ಪು ಅಂಚಿನ ದುಂಡನೆಯ ವೃತ್ತ ಗಾಳಿ ಗುಳ್ಳೆ. ಅರ್ಧ ಕ್ಲಾಸು ಅದನ್ನೇ ಕೋಶ ಎಂದು ರೆಕಾರ್ಡಿನಲ್ಲಿ ಬಿಡಿಸಿರುತ್ತದೆ. ಈರುಳ್ಳಿಯ ಕೋಶ ದುಂಡಗಿರುವುದಿಲ್ಲ, ಉದ್ದುದ್ದ, ಗೋಡೆಯ ಇಟ್ಟಿಗೆ ಸಾಲಿನ ಹಾಗೆ ಇರುತ್ತದೆ.

ತಪ್ಪು ಸಾಮಾನ್ಯವಾಗಿ ಮಸೂರದ್ದಲ್ಲ, ಸ್ಲೈಡ್ ಮಾಡಿದ ರೀತಿಯದು. ಹೊರಗಿನ ಒಣ ಸಿಪ್ಪೆ ಬೇಡ. ಒಳಗಿನ ರಸಭರಿತ ಪದರ ಒಂದನ್ನು ತೆಗೆದುಕೊಂಡು, ಒಳಮೈ ಇರುವ ಕಡೆಯಿಂದ ಮುರಿಯಿರಿ. ಮುರಿದ ಜಾಗದಲ್ಲಿ ಗಾಜಿನ ಹಾಳೆಯಂಥ ಪೊರೆ ಎದ್ದು ಬರುತ್ತದೆ. ಅದನ್ನು ಚಿಮಟದಲ್ಲಿ ಎಳೆದು ಕಿರುಬೆರಳ ಉಗುರಿನಷ್ಟು ಕತ್ತರಿಸಿ. ಕೂಡಲೇ ನೀರಿಗೆ ಹಾಕಿ, ಗಾಳಿಗೆ ಬಿಟ್ಟರೆ ಸುರುಳಿ ಸುತ್ತಿಕೊಳ್ಳುತ್ತದೆ. ಸ್ಲೈಡಿನ ಮೇಲೆ ಒಂದು ಹನಿ ನೀರು, ಅದರಲ್ಲಿ ಪೊರೆ ಮಡಿಕೆಯಿಲ್ಲದೆ ಹರಡಲಿ. ನೀರು ಬೆರೆಸಿ ತಿಳಿ ಮಾಡಿದ ಅಯೋಡಿನ್ ಒಂದು ಹನಿ. ಕವರ್‌ಸ್ಲಿಪ್ಪನ್ನು ಮೇಲಿಂದ ದಬಕ್ಕನೆ ಹಾಕಬೇಡಿ. ಒಂದು ಅಂಚು ನೀರಿಗೆ ತಾಗಿಸಿ, ಇನ್ನೊಂದು ಅಂಚನ್ನು ಸೂಜಿಯ ಮೇಲೆ ಆನಿಸಿ ನಿಧಾನವಾಗಿ ಇಳಿಸಿ. ಗಾಳಿ ಪಕ್ಕಕ್ಕೆ ಓಡಿಹೋಗುತ್ತದೆ. ಕಡಿಮೆ ಪವರ್‌ನಿಂದ ಶುರು ಮಾಡಿ, ಬೆಳಕನ್ನು ಸ್ವಲ್ಪ ಕಡಿಮೆ ಮಾಡಿ ನೋಡಿ. ಪ್ರತಿ ಇಟ್ಟಿಗೆಯೊಳಗೂ ಕಂದುಹಳದಿ ಚುಕ್ಕೆ ಕಂಡರೆ ಅದೇ ಕೋಶಕೇಂದ್ರ.

ಹಸಿರು ಕಣಗಳನ್ನೂ ನೋಡಬೇಕು ಅಂದರೆ ಈರುಳ್ಳಿ ಬಿಟ್ಟು ಹೈಡ್ರಿಲ್ಲಾ ಎಂಬ ನೀರುಗಿಡ ತನ್ನಿ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುತ್ತದೆ. ಒಂದು ಎಳೆ ಎಲೆಯನ್ನು ಹಾಗೇ ನೀರಿನಲ್ಲಿ ಇಟ್ಟರೆ ಸಾಕು, ಕತ್ತರಿಸುವ ಕೆಲಸವಿಲ್ಲ. ಸ್ವಲ್ಪ ಹೊತ್ತು ಬೆಳಕಿನಲ್ಲಿ ಬಿಟ್ಟು ನೋಡಿದರೆ ಹಸಿರು ಕಣಗಳು ಗೋಡೆಯ ಗುಂಟ ಸಾಲಾಗಿ ಹರಿದಾಡುತ್ತಿರುತ್ತವೆ.

ಹುಕ್ ಮಾಡಿದ ಹಾಗೇ ಬೆಂಡು ಕತ್ತರಿಸಿ ನೋಡಬಹುದಾ?

ಬಾಟಲಿಯ ಬಿರಡೆ ಸಿಕ್ಕರೆ ನೋಡಬಹುದು. ಈಗ ಬರುವ ಎಷ್ಟೋ ಬಿರಡೆ ಕಾರ್ಕಿನ ಪುಡಿಯನ್ನು ಅಂಟು ಹಾಕಿ ಒತ್ತಿದ್ದು, ಅದರಲ್ಲಿ ಒಳ್ಳೆ ಪದರ ಏಳುವುದಿಲ್ಲ.

ನಾನು ಹೇಳುವುದು ಒಣಗಿದ ಜೋಳದ ದಂಟು. ಉತ್ತರ ಕರ್ನಾಟಕದ ಮಕ್ಕಳು ಇದರ ಬೆಂಡು, ಸಿಬಿರು ಸೇರಿಸಿ ಬಂಡಿ, ಎತ್ತು ಮಾಡಿ ಆಡುತ್ತಿದ್ದರಲ್ಲ, ಅದೇ. ಹೊರಗಿನ ಸಿಬಿರು ಸುಲಿದು ಒಳಗಿನ ಬಿಳಿ ಬೆಂಡನ್ನು ಹೊಸ ಬ್ಲೇಡಿನಿಂದ ಅಡ್ಡಕ್ಕೆ ಕತ್ತರಿಸಿ. ಒತ್ತಬೇಡಿ, ಬ್ಲೇಡನ್ನು ನಿಮ್ಮ ಕಡೆಗಲ್ಲದೆ ಪಕ್ಕಕ್ಕೆ ಎಳೆಯಿರಿ. ಮಕ್ಕಳಾದರೆ ದೊಡ್ಡವರು ಕತ್ತರಿಸಿಕೊಡಲಿ. ಪೂರ್ತಿ ವೃತ್ತ ಬರಬೇಕೆಂದಿಲ್ಲ, ಒಂದು ಮೂಲೆ ತೆಳುವಾಗಿ ಬಂದರೆ ಸಾಕು. ಕಪ್ಪು ಕಾಗದದ ಮೇಲೆ ಇಟ್ಟು ಪಕ್ಕದಿಂದ ಟಾರ್ಚ್ ಬಿಡಿ. ಇದರ ಕೋಶ ಕಾರ್ಕಿನದಕ್ಕಿಂತ ದೊಡ್ಡದು, ಹಾಗಾಗಿ ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರದಲ್ಲೇ ಜೇನುಗೂಡಿನಂಥ ಬಲೆ ಕಾಣತೊಡಗುತ್ತದೆ.

ಮನೆಯಲ್ಲಿ ಸೂಕ್ಷ್ಮದರ್ಶಕ ಇಲ್ಲ. ಏನು ಮಾಡುವುದು?

ಫೋಲ್ಡ್‌ಸ್ಕೋಪ್ ಅನ್ನುವ ಕಾಗದದ ಸೂಕ್ಷ್ಮದರ್ಶಕ ಇದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ತಂಡ ಮಾಡಿದ್ದು, 2014ರಲ್ಲಿ ಅದರ ವಿವರ ಹೊರಬಂತು. ಮಡಚಿ ಜೋಡಿಸಿಕೊಳ್ಳಬೇಕು. ಅದರಲ್ಲಿರುವುದೂ ಒಂದೇ ಪುಟ್ಟ ಮಣಿಮಸೂರ, ಸುಮಾರು 140 ಪಟ್ಟು ಹಿಗ್ಗಿಸುತ್ತದೆ. ಲ್ಯೂವೆನ್‌ಹಾಕ್‌ನ ಹಿತ್ತಾಳೆ ತಗಡಿನ ಉಪಾಯವೇ, ಕಾಗದದಲ್ಲಿ. ಈರುಳ್ಳಿ ಪೊರೆಗೆ ಧಾರಾಳವಾಗಿ ಸಾಕು.

ಪರೀಕ್ಷೆಯಲ್ಲಿ ‘ಜೀವಕೋಶವನ್ನು ಕಂಡುಹಿಡಿದವರು ಯಾರು’ ಎಂದು ಕೇಳಿದರೆ ಏನು ಬರೆಯಲಿ?

ರಾಬರ್ಟ್ ಹುಕ್, 1665. ಮಾರ್ಕು ಅದಕ್ಕೇ. ಎರಡು ಮಾರ್ಕಿನ ಪ್ರಶ್ನೆಯಾದರೆ ‘ಬೆಂಡಿನ ತೆಳು ಪದರದಲ್ಲಿ ನಿರ್ಜೀವ ಕೋಶಗಳ ಗೋಡೆಯನ್ನು ಕಂಡರು’ ಎಂದು ಸೇರಿಸಿ.

ಹುಕ್‌ನ ಫೋಟೋ, ಅಂದರೆ ಚಿತ್ರ, ಒಂದೊಂದು ಪುಸ್ತಕದಲ್ಲಿ ಒಂದೊಂದು ತರ ಇದೆಯಲ್ಲ?

ಅವನು ಬದುಕಿದ್ದಾಗ ಬರೆದದ್ದು ಎಂದು ಎಲ್ಲರೂ ಒಪ್ಪುವ ಚಿತ್ರ ಒಂದೂ ಉಳಿದಿಲ್ಲ. ನೀವು ನೋಡುವುದೆಲ್ಲ ಆಮೇಲಿನವರು ಕಲ್ಪಿಸಿಕೊಂಡು ಬರೆದದ್ದು, ಇಲ್ಲವೇ ಬೇರೆ ಯಾರದೋ ಮುಖ.

ಆ ಹಳೆಯ ಪುಸ್ತಕವನ್ನು ಈಗ ಓದಬಹುದಾ?

ಇಂಗ್ಲಿಷಿನಲ್ಲಿ ಓದಬಹುದು. ಹಕ್ಕುಸ್ವಾಮ್ಯದ ತೊಂದರೆ ಇಲ್ಲ, ಪ್ರಾಜೆಕ್ಟ್ ಗುಟೆನ್‌ಬರ್ಗ್ ಜಾಲತಾಣದಲ್ಲಿ ಚಿತ್ರ ಸಮೇತ ಪುಕ್ಕಟೆ ಸಿಗುತ್ತದೆ. ಹಳೇ ಕಾಲದ ಇಂಗ್ಲಿಷು, ವಾಕ್ಯಗಳು ಮುಗಿಯುವುದೇ ಇಲ್ಲ. ಮೊದಲಿಂದ ಓದಲು ಹೋದರೆ ಉದ್ದದ ಮುನ್ನುಡಿಯಲ್ಲೇ ಸುಸ್ತಾಗುತ್ತೀರಿ. ನೇರವಾಗಿ 18ನೇ ಅವಲೋಕನಕ್ಕೆ ಹೋಗಿ, ಬೆಂಡು ಅಲ್ಲಿದೆ. ಆಮೇಲೆ 25ನೆಯದು: ತುರಿಕೆ ಗಿಡದ ಮುಳ್ಳು ಹೇಗೆ ಚುಚ್ಚುತ್ತದೆ ಎಂದು ನೋಡಲು ತನ್ನ ಬೆರಳನ್ನೇ ಮಸೂರದ ಕೆಳಗೆ ಇಟ್ಟು ಚುಚ್ಚಿಸಿಕೊಂಡದ್ದು. ಕುಡುಕ ಇರುವೆ 49ನೆಯದು.